ಕಾಮಾಲೆ, ಸುಸ್ತಿಗೆ ಗಿಡಮೂಲಿಕೆ: ಬಳಕೆಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಕೊಪ್ಪಳ: ಕಣ್ಣು ಹಳದಿಯಾದರೆ ನೆಲನೆಲ್ಲಿ ರಸ, ಮೈಯಲ್ಲಿ ಶಕ್ತಿ ಇಲ್ಲವೆನಿಸಿದರೆ ಅಶ್ವಗಂಧದ ಪುಡಿ, ಊಟ ಸೇರದಿದ್ದರೆ ಯಕೃತ್ತಿನ ಟಾನಿಕ್. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಮಾತ್ರವಲ್ಲ, ನಾಡಿನ ಬಹುತೇಕ ಕಡೆ ಜನ ಮೊದಲು ಮೊರೆಹೋಗುವುದು ಇಂತಹ ಮದ್ದುಗಳಿಗೇ. ನಾಟಿ ವೈದ್ಯರ ಸೊಪ್ಪಿನ ರಸದಿಂದ ಹಿಡಿದು ಔಷಧ ಅಂಗಡಿಯ ಬಾಟಲಿ, ಮೊಬೈಲ್ ಮೂಲಕ ತರಿಸಿಕೊಳ್ಳುವ ಮಾತ್ರೆಗಳವರೆಗೆ ಇವುಗಳ ವ್ಯಾಪ್ತಿ ಹರಡಿದೆ. ವೈದ್ಯರ ಚೀಟಿ ಇಲ್ಲದೆ ಸಿಗುತ್ತವೆ, ‘ಅಡ್ಡ ಪರಿಣಾಮ ಇಲ್ಲ’ ಎಂಬ ನಂಬಿಕೆಯೂ ಜತೆಗಿದೆ.

ಆದರೆ ಕಾಮಾಲೆಯಾಗಲಿ, ಸುಸ್ತಾಗಲಿ ಸ್ವತಃ ರೋಗವಲ್ಲ. ಅವು ಬೇರೊಂದು ರೋಗದ ಲಕ್ಷಣಗಳು. ಮೂಲ ಕಾರಣ ಪತ್ತೆಯಾಗುವ ಮೊದಲೇ ಆರಂಭವಾಗುವ ಮದ್ದು, ಅದು ಎಷ್ಟೇ ಹಳೆಯ ಪರಂಪರೆಯದಾದರೂ, ಕೆಲವೊಮ್ಮೆ ಅಮೂಲ್ಯವಾದ ಸಮಯವನ್ನು ಕಸಿಯುತ್ತದೆ. ಅಪರೂಪಕ್ಕೆ ಯಕೃತ್ತಿಗೇ ಪೆಟ್ಟು ಕೊಡುತ್ತದೆ. ಯಾವ ಮೂಲಿಕೆಗೆ ಎಷ್ಟು ಆಧಾರವಿದೆ, ಎಲ್ಲಿ ಅಪಾಯವಿದೆ, ಕೊಳ್ಳುವಾಗ ಏನನ್ನು ಗಮನಿಸಬೇಕು ಎಂಬುದರ ವಿವರ ಇಲ್ಲಿದೆ.

ಕಾಮಾಲೆ ಎಂದರೇನು?

ಬಲ ಪಕ್ಕೆಲುಬಿನ ಅಡಿಯಲ್ಲಿರುವ ಯಕೃತ್ತು ಅಥವಾ ಪಿತ್ತಜನಕಾಂಗ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಆಹಾರದ ಸತ್ವವನ್ನು ಸಂಗ್ರಹಿಸುವುದು, ಪಿತ್ತರಸ ಉತ್ಪಾದಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ದೇಹಕ್ಕೆ ಸೇರಿದ ಔಷಧ ಹಾಗೂ ವಿಷವಸ್ತುಗಳನ್ನು ಒಡೆಯುವುದು ಇದರ ಕೆಲಸ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವುದೂ ಯಕೃತ್ತೇ. ರಕ್ತದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಡೆಸಿಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಅದು 2ರಿಂದ 3 ಮಿಲಿಗ್ರಾಂ ದಾಟಿದಾಗ ಕಣ್ಣಿನ ಬಿಳಿ ಭಾಗ ಹಳದಿಯಾಗಿ ಕಾಣುತ್ತದೆ. ಇದನ್ನೇ ಕಾಮಾಲೆ, ಅರಿಶಿನ ಕಾಮಾಲೆ ಎಂದು ಕರೆಯಲಾಗುತ್ತದೆ.

ಹಳದಿಯಾಗಲು ಕಾರಣಗಳು ಹಲವು. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ರಕ್ತ ಹಾಗೂ ಸೂಜಿಯ ಮೂಲಕ ಹರಡುವ ಬಿ ಮತ್ತು ಸಿ, ಮದ್ಯಪಾನ, ಪಿತ್ತನಾಳದಲ್ಲಿ ಸಿಲುಕಿದ ಕಲ್ಲು, ಮೇದೋಜೀರಕ ಗ್ರಂಥಿಯ ಗಡ್ಡೆ, ಇಲಿಜ್ವರ, ಮಲೇರಿಯಾ, ಕ್ಷಯದ ಔಷಧಗಳ ಅಡ್ಡ ಪರಿಣಾಮ ಇವೆಲ್ಲವೂ ಒಂದೇ ಹಳದಿಯಾಗಿ ಕಾಣಿಸಿಕೊಳ್ಳುತ್ತವೆ. ಕಲ್ಲು ಸಿಲುಕಿದ್ದರೆ ಅದನ್ನು ತೆಗೆಯಬೇಕು, ಇಲಿಜ್ವರಕ್ಕೆ ಪ್ರತಿಜೀವಕ ಬೇಕು, ಔಷಧದ ದುಷ್ಪರಿಣಾಮವಾದರೆ ಆ ಔಷಧವನ್ನು ವೈದ್ಯರ ಸಲಹೆಯಂತೆ ತಕ್ಷಣ ನಿಲ್ಲಿಸಬೇಕು. ಇವೆಲ್ಲಕ್ಕೂ ಒಂದೇ ಸೊಪ್ಪಿನ ರಸ ಉತ್ತರವಾಗಲಾರದು.

ಸೊಪ್ಪಿನ ರಸಕ್ಕೆ ಹೆಸರು ಬಂದ ಬಗೆ

ಹಾಗಾದರೆ ನಾಟಿ ಔಷಧದಿಂದ ಗುಣವಾಯಿತೆಂದು ಸಾವಿರಾರು ಜನ ಹೇಳುವುದು ಸುಳ್ಳೇ? ಸುಳ್ಳಲ್ಲ. ಆದರೆ ಅದಕ್ಕೆ ಬೇರೊಂದು ವಿವರಣೆ ಇದೆ. ನಮ್ಮಲ್ಲಿ ಹಠಾತ್ತನೆ ಬರುವ ಕಾಮಾಲೆಯ ದೊಡ್ಡ ಪಾಲು ಹೆಪಟೈಟಿಸ್ ಎ ಮತ್ತು ಇ ವೈರಾಣುಗಳಿಂದ ಬರುವಂಥದ್ದು. ಇವೆರಡೂ ಬಹುತೇಕ ರೋಗಿಗಳಲ್ಲಿ ಯಾವ ವಿಶೇಷ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ವಿಶ್ರಾಂತಿ, ಸಾಕಷ್ಟು ಆಹಾರ, ನೀರು ಸಿಕ್ಕರೆ ಯಕೃತ್ತು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಆ ಅವಧಿಯಲ್ಲಿ ಯಾವ ಮದ್ದು ಕುಡಿದಿದ್ದರೂ ಗುಣಪಡಿಸಿದ ಕೀರ್ತಿ ಅದಕ್ಕೆ ಸಲ್ಲುತ್ತದೆ.

ಮೂಗಿಗೆ ಕಹಿ ಮೂಲಿಕೆಯ ರಸ ಬಿಡುವ ಪದ್ಧತಿಯೂ ಕೆಲವೆಡೆ ಇದೆ. ರಸದ ತೀಕ್ಷ್ಣತೆಯಿಂದ ಮೂಗಿನ ಒಳಪೊರೆ ಕೆರಳಿ ಹಳದಿ ನೀರು ಸುರಿಯುತ್ತದೆ. ಕಾಮಾಲೆಯೇ ಹೊರಬಂತೆಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಬಿಲಿರುಬಿನ್ ಹೊರಹೋಗುವ ಹಾದಿ ಪಿತ್ತನಾಳ ಮತ್ತು ಮೂತ್ರ, ಮೂಗಲ್ಲ. ಮೈಗೆ ಬರೆ ಹಾಕುವ ಪದ್ಧತಿಯಂತೂ ಸುಟ್ಟ ಗಾಯ ಹಾಗೂ ಸೋಂಕಿನ ಹೊರತು ಬೇರೇನನ್ನೂ ಕೊಡುವುದಿಲ್ಲ. ಉಪ್ಪು, ಎಣ್ಣೆ, ಬೇಳೆ ಎಲ್ಲವನ್ನೂ ಬಿಡಿಸುವ ಕಠಿಣ ಪಥ್ಯದಿಂದ ಮೊದಲೇ ಬಳಲಿದ ರೋಗಿ ಮತ್ತಷ್ಟು ಕೃಶವಾಗುತ್ತಾನೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡ ರೋಗಿಗಳಿಗೆ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ; ಅದು ಎಲ್ಲ ಕಾಮಾಲೆಗೂ ಅನ್ವಯಿಸುವ ನಿಯಮವಲ್ಲ.

ಇಲ್ಲಿ ಗರ್ಭಿಣಿಯರ ವಿಷಯ ಪ್ರತ್ಯೇಕ. ಇತರರಲ್ಲಿ ಸುಮ್ಮನೆ ಬಂದು ಹೋಗುವ ಹೆಪಟೈಟಿಸ್ ಇ ಗರ್ಭದ ಕೊನೆಯ 3 ತಿಂಗಳಲ್ಲಿ ಬಂದರೆ ಮಾರಣಾಂತಿಕವಾಗಬಲ್ಲದು. ಸೋಂಕು ತಗುಲಿದ ಅಂತಹ ಮಹಿಳೆಯರಲ್ಲಿ ಶೇ 20ರಿಂದ 25ರಷ್ಟು ಮಂದಿ ಸಾವಿಗೀಡಾಗುವ ಸಾಧ್ಯತೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಗರ್ಭಿಣಿಯ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಮದ್ದಿಗೆ ಅಲ್ಲಿ ಅವಕಾಶವೇ ಇಲ್ಲ.

ಯಾವ ಮೂಲಿಕೆ, ಎಷ್ಟು ಆಧಾರ?

ನೆಲನೆಲ್ಲಿ: ಮಳೆಗಾಲದಲ್ಲಿ ಹೊಲ, ಹಿತ್ತಲುಗಳಲ್ಲಿ ಕಳೆಯಂತೆ ಬೆಳೆಯುವ ಈ ಗಿಡ ಕಾಮಾಲೆಯ ಮದ್ದಾಗಿ ಅತ್ಯಂತ ಪ್ರಸಿದ್ಧ. ಇದಕ್ಕೆ ವೈಜ್ಞಾನಿಕ ಜಗತ್ತಿನ ಗಮನ ಸೆಳೆದದ್ದು 1988ರಲ್ಲಿ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. ಹೆಪಟೈಟಿಸ್ ಬಿ ವೈರಾಣುವನ್ನು ದೀರ್ಘಕಾಲ ಹೊತ್ತಿದ್ದವರಿಗೆ 30 ದಿನ ಈ ಗಿಡದ ಪುಡಿ ನೀಡಿದಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮರೆಯಾಗಿತ್ತು. ಹುಸಿ ಔಷಧ ಪಡೆದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹೀಗಾಗಿತ್ತು. ಆದರೆ 1990ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಪ್ರಯೋಗ ಸೇರಿದಂತೆ ನಂತರದ ಅಧ್ಯಯನಗಳಲ್ಲಿ ಅದೇ ಫಲ ದೊರೆಯಲಿಲ್ಲ. ಲಭ್ಯ ಪ್ರಯೋಗಗಳನ್ನೆಲ್ಲ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2011ರ ವರದಿಯೂ ಹುಸಿ ಔಷಧಕ್ಕಿಂತ ಇದು ಮೇಲೆಂದು ಹೇಳಲು ಮನಗಾಣಿಸುವ ಪುರಾವೆ ಇಲ್ಲವೆಂದಿತು.

ನೆಲಬೇವು, ಕಟುಕ ರೋಹಿಣಿ: ಎರಡೂ ಅತಿ ಕಹಿ. ಪ್ರಯೋಗಾಲಯದಲ್ಲಿ, ಇಲಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಯಕೃತ್ತಿನ ಕೋಶಗಳನ್ನು ಕಾಪಾಡುವ ಗುಣ ಕಂಡುಬಂದಿದೆ. ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳು ವಿರಳ. ಕಟುಕ ರೋಹಿಣಿ ಹಿಮಾಲಯದ ಎತ್ತರದ ಇಳಿಜಾರುಗಳಲ್ಲಷ್ಟೇ ಬೆಳೆಯುವ ಸಸ್ಯ. ಅತಿಯಾದ ಕೊಯ್ಲಿನಿಂದ ಅಪಾಯಕ್ಕೆ ಸಿಲುಕಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದೆ. ಬೇರು ದುರ್ಲಭವಾದಷ್ಟೂ ಕಲಬೆರಕೆಯ ಸಾಧ್ಯತೆ ಹೆಚ್ಚು.

ಕೊಮ್ಮೆ, ಗರಗ, ಗಣಿಕೆ: ಪುನರ್ನವ ಎಂದು ಆಯುರ್ವೇದ ಕರೆಯುವ ಕೊಮ್ಮೆ ಬಾವು ಇಳಿಸಲು, ಭೃಂಗರಾಜವೆಂಬ ಗರಗ ಹಾಗೂ ಕಾಕಮಾಚಿಯೆಂಬ ಗಣಿಕೆ ಯಕೃತ್ತಿನ ತೊಂದರೆಗೆ ಪರಂಪರೆಯಿಂದ ಬಳಕೆಯಲ್ಲಿವೆ. ಗಣಿಕೆಯ ಹಸಿರು ಕಾಯಿಗಳಲ್ಲಿ ವಿಷಕಾರಿ ಅಂಶವಿರುವುದರಿಂದ ಅವನ್ನು ಸೇವಿಸಕೂಡದು. ಗರಗ ತೇವ ಹೆಚ್ಚಿರುವ ಗದ್ದೆಯ ಬದುಗಳಲ್ಲಿ ಸಮೃದ್ಧವಾಗಿ ಬೆಳೆಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಗಂಗಾವತಿ ಸೀಮೆಯಲ್ಲಿ ಇದೇ ಬದುಗಳ ಪಕ್ಕದಲ್ಲಿ ಕೀಟನಾಶಕ, ಕಳೆನಾಶಕ ಸಿಂಪಡಣೆಯೂ ನಡೆಯುತ್ತದೆ ಎಂಬುದನ್ನು ಸೊಪ್ಪು ಕೀಳುವವರು ಮರೆಯಬಾರದು.

ಸಿದ್ಧ ಔಷಧಗಳು: ಈಗ ಬೆಂಗಳೂರಿನಲ್ಲಿ ಕೇಂದ್ರ ಹೊಂದಿರುವ ಹಿಮಾಲಯ ಸಂಸ್ಥೆ 1955ರಲ್ಲಿ ಮಾರುಕಟ್ಟೆಗೆ ತಂದ ಲಿವ್.52 ಈ ವರ್ಗದ ಅತ್ಯಂತ ಪರಿಚಿತ ಹೆಸರು. ಹಿಂಸ್ರಾ, ಕಾಸನಿ, ಕಾಕಮಾಚಿ, ಅರ್ಜುನ ಮೊದಲಾದವು ಅದರಲ್ಲಿವೆ. ಅದರ ಪರವಾಗಿ ಹಲವು ಅಧ್ಯಯನಗಳು ಪ್ರಕಟವಾಗಿವೆ. ಆದರೆ ಮದ್ಯಪಾನದಿಂದ ಯಕೃತ್ತು ಕೆಟ್ಟವರ ಮೇಲೆ ಶ್ರೀಲಂಕಾದಲ್ಲಿ 6 ತಿಂಗಳು ನಡೆದು 2003ರಲ್ಲಿ ಪ್ರಕಟವಾದ ನಿಯಂತ್ರಿತ ಪ್ರಯೋಗದಲ್ಲಿ ಹುಸಿ ಔಷಧಕ್ಕಿಂತ ಗಮನಾರ್ಹ ಪ್ರಯೋಜನ ಕಂಡುಬರಲಿಲ್ಲ. ಯುರೋಪಿನ ಹಾಲುಮುಳ್ಳಿನ ಗಿಡದಿಂದ ತೆಗೆಯುವ ಸಿಲಿಮರಿನ್ ಕುರಿತ ಅಧ್ಯಯನಗಳ ಫಲಿತಾಂಶವೂ ಮಿಶ್ರವಾಗಿದೆ. ಟಾನಿಕ್ ಸೇವಿಸಿದರೆ ಮದ್ಯದ ಹಾನಿ ತಟ್ಟದು ಎಂಬ ಭಾವನೆಗಂತೂ ಯಾವ ಆಧಾರವೂ ಇಲ್ಲ. ಮದ್ಯದಿಂದ ಕೆಟ್ಟ ಯಕೃತ್ತಿಗೆ ಮೊದಲ ಚಿಕಿತ್ಸೆ ಮದ್ಯವನ್ನು ಸಂಪೂರ್ಣ ಬಿಡುವುದು. ಕೊಬ್ಬು ತುಂಬಿದ ಯಕೃತ್ತಿಗೆ ದೇಹತೂಕವನ್ನು ಶೇ 7ರಿಂದ 10ರಷ್ಟು ಇಳಿಸುವುದೇ ಉತ್ತಮ ಮದ್ದೆಂದು ವೈದ್ಯಲೋಕ ಒಪ್ಪಿದೆ.

ಸುಸ್ತಿನ ಹಿಂದೆ ಏನಿದೆ?

ಆಯಾಸವೆಂದ ಕೂಡಲೇ ಯಕೃತ್ತನ್ನು ದೂರುವುದು ರೂಢಿ. ಆದರೆ ಸುಸ್ತಿಗೆ ಅದಕ್ಕಿಂತ ಸಾಮಾನ್ಯವಾದ ಕಾರಣಗಳಿವೆ. ಮೊದಲನೆಯದು ರಕ್ತಹೀನತೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅಂದರೆ ಹೆಚ್ಚೂಕಡಿಮೆ ಇಬ್ಬರಲ್ಲಿ ಒಬ್ಬರು. ಇವರಿಗೆ ಬೇಕಾದದ್ದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಪೌಷ್ಟಿಕ ಆಹಾರ ಹಾಗೂ ರಕ್ತ ಕಡಿಮೆಯಾದ ಕಾರಣದ ಪತ್ತೆ. ಶಕ್ತಿಯ ಲೇಹ್ಯ ತಿಂದು ತಿಂಗಳುಗಟ್ಟಲೆ ಕಾಯುವವರ ಹಿಮೋಗ್ಲೋಬಿನ್ ಅಷ್ಟರಲ್ಲಿ ಮತ್ತಷ್ಟು ಕುಸಿದಿರುತ್ತದೆ.

ಎರಡನೆಯದು ಈ ನೆಲಕ್ಕೇ ಅಂಟಿದ ಸಮಸ್ಯೆ. ಕುಷ್ಟಗಿ, ಯಲಬುರ್ಗಾ ಸೇರಿದಂತೆ ಜಿಲ್ಲೆಯ ಬಯಲುಸೀಮೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಸೇವಿಸಿದವರಲ್ಲಿ ಹಲ್ಲಿನ ಮೇಲೆ ಕಂದು ಕಲೆ, ಕೀಲುನೋವು, ಬೆನ್ನು ಸೆಟೆದುಕೊಳ್ಳುವುದು, ಬಳಲಿಕೆ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಮೂಲಿಕೆಯಿಂದ ಪರಿಹಾರವಿಲ್ಲ. ಕುಡಿಯುವ ನೀರಿನ ಮೂಲ ಬದಲಾಗಬೇಕು.

ಮಧುಮೇಹ, ಥೈರಾಯ್ಡ್ ಕೊರತೆ, ಕ್ಷಯ, ಮೂತ್ರಪಿಂಡದ ಕಾಯಿಲೆ, ಖಿನ್ನತೆ, ನಿದ್ರೆಯ ಕೊರತೆ ಇವುಗಳ ಮೊದಲ ದೂರೂ ಸುಸ್ತೇ. ದೀರ್ಘಕಾಲದ ಹೆಪಟೈಟಿಸ್ ಬಿ, ಸಿ ಸೋಂಕಿತರಲ್ಲಿ ಹಲವು ವರ್ಷ ಆಯಾಸದ ಹೊರತು ಬೇರೆ ಸೂಚನೆಯೇ ಇರದಿರಬಹುದು. ಅಂಥವರಲ್ಲಿ ಕಾಮಾಲೆ ಕಾಣುವ ಹೊತ್ತಿಗೆ ಯಕೃತ್ತು ಗಂಟುಗಟ್ಟಿರುತ್ತದೆ. ಸಕಾಲದಲ್ಲಿ ಪತ್ತೆಯಾದರೆ ಹೆಪಟೈಟಿಸ್ ಸಿ ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಶೇ 95ಕ್ಕೂ ಹೆಚ್ಚು ಮಂದಿಯಲ್ಲಿ ಸಂಪೂರ್ಣ ಗುಣವಾಗುತ್ತದೆ. ಇಂದು ಇಷ್ಟು ಖಚಿತ ಚಿಕಿತ್ಸೆ ಇರುವ ರೋಗವನ್ನು ಟಾನಿಕ್ ಕುಡಿಯುತ್ತ ಮುಂದೂಡುವುದು ದೊಡ್ಡ ನಷ್ಟ.

ಸಹಜವಾದದ್ದೆಲ್ಲ ನಿರಪಾಯವಲ್ಲ

ಗಿಡಮೂಲಿಕೆಗೆ ಗುಣವಿದೆ ಎಂದಾದರೆ ಅದರಲ್ಲಿ ದೇಹದ ಮೇಲೆ ಪ್ರಭಾವ ಬೀರುವ ರಾಸಾಯನಿಕ ಇದೆ ಎಂದೇ ಅರ್ಥ. ಹಾಗಿದ್ದ ಮೇಲೆ ಪ್ರಮಾಣ, ಅವಧಿ, ವ್ಯಕ್ತಿಯ ಪ್ರಕೃತಿಗೆ ಅನುಸಾರವಾಗಿ ಹಾನಿಯೂ ಸಾಧ್ಯ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗಾಗಿ ಅಮೃತಬಳ್ಳಿಯ ಕಷಾಯ ಮನೆಮನೆಗಳಲ್ಲಿ ಬಳಕೆಗೆ ಬಂತು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈಯಲ್ಲಿ ಅದನ್ನು ಸೇವಿಸಿದ್ದ 6 ಮಂದಿಯಲ್ಲಿ ಯಕೃತ್ತಿನ ಹಾನಿ ಕಂಡುಬಂದುದನ್ನು ವೈದ್ಯರು 2021ರಲ್ಲಿ ವರದಿ ಮಾಡಿದರು. 2022ರಲ್ಲಿ ದೇಶದ 13 ಕೇಂದ್ರಗಳ 43 ರೋಗಿಗಳ ವಿವರ ಪ್ರಕಟವಾಯಿತು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬೀಳುವ ಬಗೆಯ ಉರಿಯೂತ ಅನೇಕರಲ್ಲಿ ಕಂಡುಬಂದಿತ್ತು. ಆಯುಷ್ ಸಚಿವಾಲಯ ಈ ನಿರ್ಣಯವನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನೇ ಹೋಲುವ ಬೇರೊಂದು ಬಳ್ಳಿ ಬಳಕೆಯಾಗಿರಬಹುದೆಂದೂ ಅದು ಪ್ರತಿಪಾದಿಸಿತು. ವಾದ ಯಾರದ್ದೇ ಸರಿಯಿರಲಿ, ಬಳಕೆದಾರರಿಗೆ ಪಾಠ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ದಿನನಿತ್ಯ ತಿಂಗಳುಗಟ್ಟಲೆ ಸೇವಿಸುವುದು ಸುರಕ್ಷಿತವಲ್ಲ.

ಸುಸ್ತಿಗೆಂದು ಬಳಸುವ ಅಶ್ವಗಂಧದಿಂದ ಕಾಮಾಲೆ ಬಂದ 5 ಪ್ರಕರಣಗಳು ಐಸ್‌ಲ್ಯಾಂಡ್ ಹಾಗೂ ಅಮೆರಿಕದಿಂದ 2020ರಲ್ಲಿ ವರದಿಯಾದವು. ಇಂತಹ ಹಾನಿ ಅಪರೂಪವಾದರೂ, ಮೊದಲೇ ಯಕೃತ್ತಿನ ತೊಂದರೆ ಇದ್ದವರಿಗೆ ಅಪಾಯ ಹೆಚ್ಚು. ಕ್ಷಯಕ್ಕೆ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಸೇವಿಸುತ್ತಿರುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಈ ಔಷಧಗಳೇ ಕೆಲವರಲ್ಲಿ ಯಕೃತ್ತನ್ನು ಕೆಡಿಸುತ್ತವೆ. ವಾಕರಿಕೆ, ಕಡುಹಳದಿ ಮೂತ್ರ ಕಂಡಾಗ ಅಂಗಡಿಯಿಂದ ಟಾನಿಕ್ ತಂದು ಕುಡಿಯುತ್ತ ಮಾತ್ರೆ ಮುಂದುವರಿಸಿದರೆ ಪ್ರಾಣಕ್ಕೇ ಸಂಚಕಾರ.

ರಸೌಷಧಗಳದ್ದು ಮತ್ತೊಂದು ಬಗೆ. ಯಕೃತ್ತಿನ ತೊಂದರೆಗೆ ಬಳಸುವ ಆರೋಗ್ಯವರ್ಧಿನಿ ವಟಿಯಲ್ಲಿ ಕಟುಕ ರೋಹಿಣಿ, ತ್ರಿಫಲಾ ಜತೆಗೆ ಶುದ್ಧೀಕರಿಸಿದ ಪಾದರಸ, ಗಂಧಕ, ತಾಮ್ರ ಹಾಗೂ ಲೋಹ ಭಸ್ಮಗಳಿರುತ್ತವೆ. ತಜ್ಞ ವೈದ್ಯರ ನಿಗಾದಲ್ಲಿ, ಸೀಮಿತ ಅವಧಿಗೆ ಮಾತ್ರ ಸೇವಿಸಬೇಕಾದ ಔಷಧವಿದು. ಅಂತರ್ಜಾಲದ ಮೂಲಕ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ ಸುಮಾರು ಐದನೇ ಒಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಪತ್ತೆಯಾಗಿತ್ತು. ಇನ್ನು ಕುಮಾರ್ಯಾಸವ, ಪುನರ್ನವಾಸವ, ರೋಹಿತಕಾರಿಷ್ಟದಂತಹ ಆಸವ–ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಸಹಜವಾಗಿಯೇ ಮದ್ಯಸಾರ ಉಂಟಾಗಿರುತ್ತದೆ. ಮದ್ಯ ಬಿಟ್ಟ ಯಕೃತ್ತು ರೋಗಿಗಳು ಇದನ್ನು ವೈದ್ಯರ ಗಮನಕ್ಕೆ ತರಬೇಕು.

ಆಯುರ್ವೇದ ಹೇಳುವುದೂ ಅದನ್ನೇ

ಮೊದಲು ಕಾರಣ, ಆಮೇಲೆ ಮದ್ದು ಎಂಬುದು ಆಧುನಿಕ ವೈದ್ಯಕೀಯದ ಹಟವಲ್ಲ. ಆಯುರ್ವೇದದಲ್ಲೂ ನಿದಾನಕ್ಕೆ, ಅಂದರೆ ರೋಗಕಾರಣದ ನಿರ್ಣಯಕ್ಕೆ ಮೊದಲ ಸ್ಥಾನ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 16ನೇ ಅಧ್ಯಾಯ ಪಾಂಡುರೋಗ ಹಾಗೂ ಕಾಮಾಲೆಯನ್ನು ಒಟ್ಟಿಗೆ ವಿವೇಚಿಸುತ್ತದೆ. ದೋಷಭೇದಕ್ಕೆ ತಕ್ಕಂತೆ ಚಿಕಿತ್ಸೆಯೂ ಬೇರೆಬೇರೆ. ಎಲ್ಲ ಹಳದಿಗೂ, ಎಲ್ಲ ಆಯಾಸಕ್ಕೂ ಒಂದೇ ಬಾಟಲಿ ಎಂಬುದು ಆ ಶಾಸ್ತ್ರದ ಮಾತಲ್ಲ, ಮಾರುಕಟ್ಟೆಯ ಮಾತು. ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ. ಆಯುರ್ವೇದ ಚಿಕಿತ್ಸೆಯನ್ನೇ ಬಯಸುವವರು ಅರ್ಹ ವೈದ್ಯರನ್ನು ಕಂಡು, ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟು ಮದ್ದು ಪಡೆಯಬಹುದು.

ಚೀಟಿಯ ಮೇಲೆ ಏನಿರಬೇಕು?

ಮಾರುಕಟ್ಟೆಯಲ್ಲಿ ಎರಡು ಬಗೆಯ ಉತ್ಪನ್ನಗಳಿವೆ. ಮೊದಲನೆಯದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ರಾಜ್ಯದ ಪರವಾನಗಿ ಪಡೆದ ಆಯುರ್ವೇದ ಔಷಧ. ಎರಡನೆಯದು ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳಡಿ ಬರುವ ಪೂರಕ ಆಹಾರ. ಇದರ ಮೇಲೆ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಸೂಚನೆ ಕಡ್ಡಾಯ. ಹೀಗಿರುವಾಗ ಪೂರಕ ಆಹಾರದ ಡಬ್ಬಿ ಕಾಮಾಲೆ ವಾಸಿ ಮಾಡುವುದಾಗಿ ಹೇಳಿಕೊಂಡರೆ ಅದು ತನ್ನ ಚೀಟಿಗೇ ವಿರುದ್ಧ. ವಿಷಕಾರಿ ದ್ರವ್ಯಗಳ ಪಟ್ಟಿಯಲ್ಲಿರುವ ಘಟಕಗಳನ್ನು ಒಳಗೊಂಡ ಆಯುರ್ವೇದ ಔಷಧದ ಮೇಲೆ ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ಘಟಕಗಳ ಪಟ್ಟಿ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಇಲ್ಲದ ಪೊಟ್ಟಣವನ್ನು ಕೊಳ್ಳದಿರುವುದೇ ಲೇಸು. ಆಯುಷ್ ಔಷಧಗಳ ದುಷ್ಪರಿಣಾಮ ದಾಖಲಿಸಲು 2018ರಿಂದ ರಾಷ್ಟ್ರೀಯ ವ್ಯವಸ್ಥೆಯೊಂದು ಇದೆ. ತೊಂದರೆಯಾದವರು ಬಾಟಲಿಯನ್ನು ಎಸೆಯದೆ ವೈದ್ಯರಿಗೆ ತೋರಿಸುವುದು ಅಗತ್ಯ.

ಪರೀಕ್ಷೆ ಎಲ್ಲಿ?

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳದಲ್ಲಿ ಗಂಭೀರ ಕಾಯಿಲೆಗೆ ಹುಬ್ಬಳ್ಳಿ, ಬಳ್ಳಾರಿಯ ದಾರಿ ಹಿಡಿಯಬೇಕಿತ್ತು. 2015ರಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ನಂತರ ಜಿಲ್ಲಾ ಕೇಂದ್ರದಲ್ಲೇ ಬೋಧಕ ಆಸ್ಪತ್ರೆಯ ಸೌಲಭ್ಯವಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಬಿಲಿರುಬಿನ್, ಎಸ್‌ಜಿಪಿಟಿ, ಎಸ್‌ಜಿಒಟಿ, ಹಿಮೋಗ್ಲೋಬಿನ್, ಸಕ್ಕರೆ ಇವು ಮೊದಲ ಹಂತದ ಪರೀಕ್ಷೆಗಳು. ಕಾಮಾಲೆ ಇದ್ದವರಿಗೆ ರಕ್ತ ಹೆಪ್ಪುಗಟ್ಟುವ ಅವಧಿಯ ಪರೀಕ್ಷೆಯೂ ಮುಖ್ಯ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆ ಉಚಿತ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು ಇವು:

* ಕಾಮಾಲೆಯ ಜತೆ ಮಂಪರು, ಅಸಂಬದ್ಧ ಮಾತು, ಹಗಲು ನಿದ್ರೆ, ರಾತ್ರಿ ಎಚ್ಚರ
* ಒಸಡು, ಮೂಗಿನಿಂದ ರಕ್ತ, ರಕ್ತವಾಂತಿ, ಕಪ್ಪು ಮಲ
* ಹೊಟ್ಟೆ ಅಥವಾ ಕಾಲುಗಳ ಊತ
* ಚಳಿಜ್ವರದೊಂದಿಗೆ ಬಲಪಕ್ಕೆಯ ತೀವ್ರ ನೋವು
* ಬಿಳಿಚಿದ ಮಲ, ಮೈತುಂಬ ತುರಿಕೆ, ತೂಕ ಇಳಿಕೆ
* ಗರ್ಭಿಣಿಯರು, ನವಜಾತ ಶಿಶುಗಳು ಹಾಗೂ ಕ್ಷಯದ ಮಾತ್ರೆ ಸೇವಿಸುವವರಲ್ಲಿ ಯಾವುದೇ ಪ್ರಮಾಣದ ಹಳದಿ
* 2 ವಾರ ಕಳೆದರೂ ಇಳಿಯದ ಕಾಮಾಲೆ ಅಥವಾ ವಿಶ್ರಾಂತಿಯಿಂದ ಕಡಿಮೆಯಾಗದ ಸುಸ್ತು

ಆಸ್ಪತ್ರೆಗೆ ಹೋದಾಗ ಸೇವಿಸಿದ ಸೊಪ್ಪು, ಪುಡಿ, ಟಾನಿಕ್‌ಗಳ ವಿವರವನ್ನು ಸಂಕೋಚವಿಲ್ಲದೆ ತಿಳಿಸಬೇಕು. ಬೈಯುತ್ತಾರೆಂಬ ಅಂಜಿಕೆಯಿಂದ ಮುಚ್ಚಿಟ್ಟರೆ ರೋಗನಿರ್ಣಯವೇ ದಾರಿತಪ್ಪುತ್ತದೆ. ಕುದಿಸಿ ಆರಿಸಿದ ನೀರು, ಶೌಚದ ನಂತರ ಹಾಗೂ ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯುವುದು, ಹೆಪಟೈಟಿಸ್ ಬಿ ಲಸಿಕೆ, ಮದ್ಯದಿಂದ ದೂರ ಇರುವುದು ಇವಿಷ್ಟು ಯಕೃತ್ತಿನ ರಕ್ಷಣೆಗೆ ಸಾಬೀತಾದ ಮಾರ್ಗಗಳು. ನೆಲನೆಲ್ಲಿ, ಅಮೃತಬಳ್ಳಿಗಳ ಪ್ರಶ್ನೆ ಬರುವುದು ಪರೀಕ್ಷೆಯ ವರದಿ ಕೈಸೇರಿದ ಬಳಿಕ.